ಅತ್ತೆ ಕಟ್ಟಿದ ಕಟ್ಟು

ನನ್ನ ಸೋದರತ್ತೆಗೆ ಕೈಗುಣ ಇತ್ತು. ಹಾರನಹಳ್ಳಿಯಲ್ಲಿ ಯಾರಾದರೂ ತೆಂಗಿನ ಮರದಿಂದ ಬಿದ್ದರೆ, ಎತ್ತು ಹಾಯ್ದು ತೋಳು ಮುರಿದರೆ, ಹುಡುಗರು ಹಳೇ ಗುಡಿಯ ಗೋಡೆ ಹತ್ತಿ ಬಿದ್ದು ಕಾಲು ಮುರಿದುಕೊಂಡರೆ ಮೊದಲು ನಮ್ಮ ಮನೆಗೇ ಹೊತ್ತು ತರುತ್ತಿದ್ದರು. ಅರಸೀಕೆರೆಯಲ್ಲಿ ಆಸ್ಪತ್ರೆ ಇರಲಿಲ್ಲವೆಂದಲ್ಲ, ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಆದರೂ ಜನ ಅತ್ತೆಯ ಹತ್ತಿರ ಬರುತ್ತಿದ್ದರು, ಬಂದವರ ಮೂಳೆ ಕೂಡುತ್ತಿತ್ತು.

ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಅವಳು. ನಮ್ಮಜ್ಜಿಯಿಂದ ಈ ಕೆಲಸ ಕಲಿತಿದ್ದಳು. ಆದರೆ ಅಜ್ಜಿಯೇ ಹೇಳುತ್ತಿದ್ದಳಂತೆ, ನಾನು ಕಲಿಸಿದ್ದು ಸೊಪ್ಪು ಅರೆಯೋದು ಅಷ್ಟೇ, ಉಳಿದದ್ದು ಆ ಶಿವ ಕೊಟ್ಟದ್ದು ಎಂದು. ಅತ್ತೆ ಕಣ್ಣು ಮುಚ್ಚಿಕೊಂಡು ಮುರಿದ ಜಾಗದ ಮೇಲೆ ಬೆರಳಾಡಿಸುತ್ತಿದ್ದಳು. "ನಿಮ್ಮೂರ ಕೆರೆ ತುಂಬೈತಾ? ಈ ಸಲ ಕಾಯಿ ಎಂಗೈತೆ?" ಎಂದು ಏನೇನೋ ಕೇಳುತ್ತಿದ್ದಳು. ಬಂದವನು ಕೆರೆಯ ಕಥೆ ಹೇಳುತ್ತಿರುವಾಗ ಒಂದೇ ಸಲ ಎಳೆದು ಕೂರಿಸಿಬಿಡುತ್ತಿದ್ದಳು. ಅವನು ಅಯ್ಯಪ್ಪಾ ಎಂದು ಕೂಗುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆಮೇಲೆ ಸೊಪ್ಪಿನ ರಸ, ಹರಳೆಣ್ಣೆ, ಸುತ್ತ ಬಿದಿರಿನ ದಬ್ಬೆ, ಅದರ ಮೇಲೆ ಹಳೇ ಸೀರೆಯ ಪಟ್ಟಿ.

ಯಾರಿಂದಲೂ ಏನನ್ನೂ ಮುಟ್ಟುತ್ತಿರಲಿಲ್ಲ. ಆದರೆ ಒಂದು ಕಟ್ಟುಪಾಡಿತ್ತು. ಕಟ್ಟಿಸಿಕೊಂಡವರು ಎರಡು ರಾತ್ರಿ ನಮ್ಮ ಪಡಸಾಲೆಯಲ್ಲೇ ಮಲಗಬೇಕು. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತು, ಹೀಗೆ ಮೂರು ಸಲ ಅತ್ತೆ ಅವರ ಪಕ್ಕ ಕೂತು ಉಗುರು ಒತ್ತಿ ನೋಡುತ್ತಿದ್ದಳು. ಒತ್ತಿದರೆ ಬೆಳ್ಳಗಾಗುವ ಉಗುರು ಬಿಟ್ಟ ಕೂಡಲೇ ಕೆಂಪಾಗಬೇಕು. ತಡವಾದರೆ ಕಟ್ಟು ಬಿಚ್ಚಿ, ಸಡಿಲ ಮಾಡಿ, ಮತ್ತೆ ಕಟ್ಟುತ್ತಿದ್ದಳು. "ಬಾವು ಕಟ್ಟಿದ್ ದಿನ ಬರಕ್ಕಿಲ್ಲ ಮಗ, ಮಾರನೇ ದಿನ ಬತ್ತದೆ. ಬಂದಾಗ ನಾನು ಪಕ್ಕದಲ್ಲಿರಬೇಕು" ಎನ್ನುತ್ತಿದ್ದಳು. ಹಳೇಬೀಡಿನ ಬಸದಿಯ ಹತ್ತಿರ ಅಂಗಡಿ ಇಟ್ಟಿದ್ದ ಜೈನ ಸಾಹುಕಾರರೊಬ್ಬರು ಮಣಿಕಟ್ಟು ಮುರಿದುಕೊಂಡು ಬಂದಿದ್ದರು. ಕಾರು ನಿಂತಿದೆ, ಹೋಗಿ ನಾಳೆ ಬರುತ್ತೇನಮ್ಮ ಎಂದರು. ಬಿಡಲಿಲ್ಲ. ಎರಡು ದಿನವೂ ಅವರಿಗಾಗಿ ಈರುಳ್ಳಿ ಗೆಡ್ಡೆ ಏನೂ ಹಾಕದೆ ಅಡುಗೆ ಮಾಡಿ, ಹೊತ್ತು ಮುಳುಗುವ ಮೊದಲೇ ಬಡಿಸಿ, ಚಾಪೆಯ ಮೇಲೆ ಮಲಗಿಸಿದಳು. ಸಾಹುಕಾರರು ಗೊಣಗುತ್ತಲೇ ಮಲಗಿದರು.

ಇನ್ನು ನನ್ನ ವಿಷಯ. ನನಗೆ ದೇವರು ಕೊಟ್ಟದ್ದು ಬರವಣಿಗೆ. ಎಪ್ಪತ್ತರ ದಶಕದ ಮೊದಲಲ್ಲಿ ಬೇಲೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿ ಸೇರಿದೆ. ಸಂಜೆ ಹೊತ್ತು ನನ್ನ ಬಾಡಿಗೆ ಕೋಣೆಯ ಮುಂದೆ ಜನ ಕೂತಿರುತ್ತಿದ್ದರು. ಒಬ್ಬಳಿಗೆ ತಾಲ್ಲೂಕು ಕಚೇರಿಗೆ ಅರ್ಜಿ, ಇನ್ನೊಬ್ಬಳಿಗೆ ಮಿಲಿಟರಿಯಲ್ಲಿರುವ ಮಗನಿಗೆ ಕಾಗದ, ಮತ್ತೊಬ್ಬನಿಗೆ ಮುನಿಸಿಕೊಂಡು ತವರಿಗೆ ಹೋದ ಹೆಂಡತಿಗೆ ನಾಲ್ಕು ಸಮಾಧಾನದ ಮಾತು. ನಾನು ಬರೆದ ಕಾಗದ ಓದಿ ಎಷ್ಟು ಹೆಂಡಂದಿರು ವಾಪಸು ಬಂದರೋ, ಯಾರ ಹೆಸರಿನ ಪಹಣಿ ಸರಿಹೋಯಿತೋ ನಾನು ಲೆಕ್ಕ ಇಟ್ಟವನಲ್ಲ. ಆ ಕಾಗದಗಳಲ್ಲಿ ಎಲ್ಲೂ ನನ್ನ ಹೆಸರಿರುತ್ತಿರಲಿಲ್ಲ. ಆಗ ಅದು ನನಗೆ ಕೊರತೆ ಅನಿಸಿರಲೂ ಇಲ್ಲ.

ಹಾಳು ಮಾಡಿದ್ದು ಹಳೇಬೀಡಿನ ಮೇಲೆ ನಾನು ಬರೆದ ಒಂದು ಲೇಖನ. ಬೆಂಗಳೂರಿನ ವಾರಪತ್ರಿಕೆಯೊಂದು ಅದನ್ನು ಎರಡು ಪುಟ ಹಾಕಿತು, ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು. ಆ ವಾರವೆಲ್ಲ ಪತ್ರಿಕೆಯನ್ನು ಹೆಸರು ಮೇಲೆ ಕಾಣುವ ಹಾಗೆ ಮಡಚಿ ಕಂಕುಳಲ್ಲಿಟ್ಟುಕೊಂಡೇ ಓಡಾಡಿದೆ. ಬಸ್ಸಿನಲ್ಲಿ ಪಕ್ಕದವನು ಕೇಳಲಿ ಎಂದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ. ಅವನು ಕೇಳದೆ ನಿದ್ದೆ ಹೋದರೆ ಅವನ ಮೇಲೆ ಸಿಟ್ಟು ಬರುತ್ತಿತ್ತು. ಆಮೇಲೆ ಅರ್ಜಿಗೆ ಬಂದು ಕೂತ ಹೆಂಗಸರನ್ನು ಕಂಡರೆ ಬೇಸರವಾಗತೊಡಗಿತು. "ನಾಳೆ ಬಾರಮ್ಮ, ಈಗ ಬರೀತಿದ್ದೀನಿ" ಎನ್ನುತ್ತಿದ್ದೆ. ಅವರಿಗೆ ಅದು ಅರ್ಥವೇ ಆಗುತ್ತಿರಲಿಲ್ಲ, ಬರೀತಿದ್ದೀನಿ ಅಂದರೆ ನಮ್ಮದನ್ನೇ ಬರೆಯಬಹುದಲ್ಲ ಎಂಬಂತೆ ನೋಡುತ್ತಿದ್ದರು.

ಒಂದು ರಜೆಯಲ್ಲಿ ಅತ್ತೆಯನ್ನು ಹಳೇಬೀಡು, ಬೇಲೂರು ತೋರಿಸಲು ಕರೆದುಕೊಂಡು ಹೋದೆ. ಹಳೇಬೀಡಿನಲ್ಲಿ ಕುಣಿಯುತ್ತಿದ್ದ ಒಂದು ವಿಗ್ರಹದ ಮುಂದೆ ನಿಂತು, "ಈ ಯಮ್ಮನ ಮೊಣಕೈ ಹಿಂದ್ಕೆ ಬಾಗೈತಲ್ಲೋ. ಯಾರೋ ತಪ್ಪು ಕೂಡ್ಸವ್ರೆ" ಎಂದಳು. ಪಕ್ಕದಲ್ಲಿದ್ದ ಗೈಡು ನಕ್ಕುಬಿಟ್ಟ. ಬೇಲೂರಿನ ಗುಡಿಯಲ್ಲಿ ಒಂದು ಮೂರ್ತಿಯ ಕೆಳಗೆ ಅಕ್ಷರ ಕೆತ್ತಿರುವುದನ್ನು ತೋರಿಸಿದೆ. ಅತ್ತೆಗೆ ಓದು ಬರುತ್ತಿರಲಿಲ್ಲ, ಏನು ಬರೆದಿದೆ ಎಂದು ಕೇಳಿದಳು.

"ಕೆತ್ತಿದವನ ಹೆಸರು ಅತ್ತೆ. ಬಿರುದು ಕೂಡ ಹಾಕ್ಕೊಂಡಿದ್ದಾನೆ. ನೋಡು, ಎಂಟುನೂರು ವರ್ಷ ಆದ್ಮೇಲೂ ಅವನ ಹೆಸರು ಓದ್ತಿದ್ದೀವಿ. ನಿನ್ನ ಹೆಸರು ಹಾರನಹಳ್ಳಿ ದಾಟಿ ಯಾರಿಗೆ ಗೊತ್ತು?"

"ಅವನು ಕಲ್ಲು ಕೆಲಸದೋನು ಕಣಪ್ಪ" ಎಂದಳು ಅತ್ತೆ. "ಪೂರಾ ಮುಗಿಸಿ ಕೆಳಗೆ ಹೆಸರು ಹಾಕಿರ್ತಾನೆ. ಕಲ್ಲು ಎದ್ದು ಊರಿಗೆ ಹೋಗಕ್ಕಿಲ್ಲ. ನಂದು ಇವತ್ತು ಚೆನ್ನಾಗಿರ್ತದೆ, ನಾಳೆ ಬಾತ್ಕೊಂತದೆ. ನಾನು ಎಲ್ಲಿ ಅಂತ ಹೆಸರು ಹಾಕ್ಲಿ?"

ನಾನು ಅದನ್ನು ಹಳ್ಳಿಯ ಹೆಂಗಸಿನ ಮುಗ್ಧ ಮಾತು ಎಂದುಕೊಂಡೆ. ಬಸ್ಸಿನಲ್ಲಿ ವಾಪಸು ಬರುವಾಗಲೇ ಅವಳ ಮೇಲೆ ಲೇಖನ ಬರೆಯಬೇಕು ಎಂದು ತೀರ್ಮಾನಿಸಿದ್ದೆ. ಅತ್ತೆಗೆ ಹೆಸರು ಬರಲಿ ಎಂದು ಬರೆದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹಳೇಬೀಡಿನ ನಂತರ ಕಳಿಸಿದ ಮೂರು ಲೇಖನ ವಾಪಸು ಬಂದಿದ್ದವು. ನನಗೊಂದು ವಸ್ತು ಬೇಕಾಗಿತ್ತು.

ಬರೆಯಲು ಕೂತೆ. ಎರಡು ದಿನ ಇಟ್ಟುಕೊಳ್ಳುವುದು, ಉಗುರು ನೋಡುವುದು, ಬಿಚ್ಚಿ ಮತ್ತೆ ಕಟ್ಟುವುದು, ಎಲ್ಲವನ್ನೂ ಮೊದಲ ಪ್ರತಿಯಲ್ಲಿ ಇದ್ದ ಹಾಗೇ ಬರೆದೆ. ಓದಿ ನೋಡಿದರೆ ಸಪ್ಪೆ, ಆಸ್ಪತ್ರೆಯ ವರದಿ ಓದಿದ ಹಾಗೆ. ಕೈಗುಣ ಎಂದ ಮೇಲೆ ಬಿಚ್ಚುವುದೇಕೆ, ಮತ್ತೆ ಕಟ್ಟುವುದೇಕೆ ಎಂದು ಓದುಗ ಕೇಳುತ್ತಾನೆ ಅನಿಸಿತು. ಆ ಪ್ಯಾರಾವನ್ನು ಹೊಡೆದು ಹಾಕಿ ಒಂದೇ ವಾಕ್ಯ ಬರೆದೆ: "ಈ ತಾಯಿ ಒಮ್ಮೆ ಕಟ್ಟಿದ ಕಟ್ಟನ್ನು ಮೂಳೆ ಕೂಡುವ ತನಕ ಯಾರೂ ಬಿಚ್ಚಿದ್ದಿಲ್ಲ, ಬಿಚ್ಚುವ ಅಗತ್ಯವೂ ಬಿದ್ದಿಲ್ಲ." ಬರೆದು ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಮೈ ಜುಮ್ಮೆಂದಿತು.

ಬೇಲೂರಿನಲ್ಲಿ ಪ್ರವಾಸಿಗರ ಫೋಟೋ ತೆಗೆಯುವವನನ್ನು ಕರೆದುಕೊಂಡು ಹೋಗಿ ಅತ್ತೆಯ ಕೈಗಳದ್ದೊಂದು ಫೋಟೋ ತೆಗೆಸಿದೆ. ಲೇಖನ ಫೋಟೋ ಸಮೇತ ಬಂತು. ಅತ್ತೆಗೆ ಮೊದಲ ನಾಲ್ಕು ಸಾಲು ಓದಿ ಹೇಳಿದೆ. "ಆಯ್ತು ಬಿಡಪ್ಪ, ಒಲೆ ಮೇಲೆ ಸಾರೈತೆ" ಎಂದು ಎದ್ದು ಹೋದಳು. ನನಗೆ ಬೇಜಾರಾಯಿತು. ಉಳಿದದ್ದನ್ನು ಅವಳು ಕೇಳಲಿಲ್ಲ, ನಾನೂ ಓದಲಿಲ್ಲ.

ಒಂದು ತಿಂಗಳೊಳಗೆ ಜನ ಬರತೊಡಗಿದರು. ಅರಸೀಕೆರೆ ಜಂಕ್ಷನ್ ಎಂದರೆ ನಾಲ್ಕು ಕಡೆಯಿಂದಲೂ ರೈಲು. ಮುರಿದ ಕೈಯನ್ನು ಟವೆಲಿನಲ್ಲಿ ಜೋತುಹಾಕಿಕೊಂಡು ಇಳಿದವರು "ಮೂಳೆ ಅಮ್ಮನ ಊರು ಯಾವುದು?" ಎಂದು ಕೇಳಿದರೆ ಸ್ಟೇಷನ್ನಿನ ಕೂಲಿಗಳೇ ಬಸ್ಸು ತೋರಿಸುತ್ತಿದ್ದರು. ಕಂಡಕ್ಟರು ನಮ್ಮ ಮನೆಯ ಮುಂದೆಯೇ ಶಿಳ್ಳೆ ಹಾಕಿ, "ಮೂಳೆ ಅಮ್ಮನ ಮನೆ, ಇಳೀರಿ ಇಳೀರಿ" ಎನ್ನುತ್ತಿದ್ದ. ನಾನು ಶನಿವಾರ ಶಾಲೆ ಮುಗಿಸಿ ಬೇಲೂರಿನಿಂದ ಬಂದವನು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಲೇಖನ ಬರೆದವರು ಇವರೇ ಎಂದು ಜನ ನನಗೂ ಕೈ ಮುಗಿಯುತ್ತಿದ್ದರು. ಆ ಕುರ್ಚಿಯ ಸುಖವನ್ನು ಇವತ್ತು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅತ್ತೆ ಸೊರಗಿದಳು. ಐದಾರು ಜನ ಮಲಗುತ್ತಿದ್ದ ಪಡಸಾಲೆಯಲ್ಲಿ ಈಗ ಹದಿನೈದು ಜನ, ಕೆಲವರು ಕೊಬ್ಬರಿ ಅಟ್ಟದ ಕೆಳಗೆ, ಕೆಲವರು ದನದ ಕೊಟ್ಟಿಗೆಯ ಪಕ್ಕ. ಅಷ್ಟೂ ಜನರ ಉಗುರನ್ನು ದಿನಕ್ಕೆ ಮೂರು ಸಲ ನೋಡಲೇಬೇಕು. "ಸಾಕ್ಮಾಡ್ಲಾ, ಇನ್ನು ಬರೀಬೇಡ. ನಂಗೆ ಎರಡೇ ಕೈ ಇರೋದು" ಎಂದಳು. ನಾನು ಎರಡನೆಯ ಲೇಖನ ಆಗಲೇ ಕಳಿಸಿಯಾಗಿತ್ತು.

ಆಮೇಲೆ ಅರಸೀಕೆರೆಯ ಕೆಲವು ವರ್ತಕರು ಸೇರಿ ಅತ್ತೆಗೆ ಸನ್ಮಾನ ಮಾಡುತ್ತೇವೆ ಎಂದು ಬಂದರು. ಸನ್ಮಾನಪತ್ರ ಬರೆದು ಓದುವುದು ನಾನೇ. ಅದೊಂದು ಭಾನುವಾರ, ಮಧ್ಯಾಹ್ನದ ಕಾರ್ಯಕ್ರಮ. ಬರುವುದಿಲ್ಲ ಎಂದು ಅತ್ತೆ ಹಟ ಹಿಡಿದಳು. ನಾನು ಮುನಿಸಿಕೊಂಡು ಊಟ ಬಿಟ್ಟೆ. ನಾನು ಊಟ ಬಿಟ್ಟರೆ ಅವಳು ಸೋಲುತ್ತಾಳೆ ಎಂದು ಚಿಕ್ಕಂದಿನಿಂದ ಗೊತ್ತಿತ್ತು. ಮೂರು ಗಂಟೆಯೊಳಗೆ ವಾಪಸು ಕರೆತರುತ್ತೇನೆ ಎಂದು ಮಾತು ಕೊಟ್ಟ ಮೇಲೆ ಒಪ್ಪಿದಳು.

ಹಿಂದಿನ ದಿನ, ಶನಿವಾರ ಸಂಜೆ, ಬೀರೂರಿನ ಆಚೆಯ ಒಂದು ಹಳ್ಳಿಯಿಂದ ಗಂಡ ಹೆಂಡತಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಬಂದರು. ಗಾಡಿಯಿಂದ ಬಿದ್ದು ಬಲಗೈ ಮುರಿದಿತ್ತು, ಮೊಣಕೈಗೂ ಮಣಿಕಟ್ಟಿಗೂ ನಡುವೆ. ತಂದೆ ಊರಲ್ಲಿ ಒಂದು ಸಣ್ಣ ಟೀ ಹೋಟೆಲು ಇಟ್ಟಿದ್ದವನು. ನನ್ನ ಲೇಖನವನ್ನು ಕತ್ತರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಓದು ಬಾರದ ಹೆಂಡತಿಗೆ ಅದನ್ನು ದಾರಿಯುದ್ದಕ್ಕೂ ಓದಿ ಹೇಳಿದ್ದನಂತೆ. ಅತ್ತೆ ಕಟ್ಟಿದಳು. ಹುಡುಗಿ ಅಳಲಿಲ್ಲ. "ಗಟ್ಟಿಗಿತ್ತಿ ಕಣೇ ನೀನು" ಎಂದು ಅವಳ ಕೆನ್ನೆ ಸವರಿದಳು.

ಭಾನುವಾರ ಬೆಳಿಗ್ಗೆ ಅತ್ತೆ ಹುಡುಗಿಯ ಉಗುರು ಒತ್ತಿ ನೋಡಿ, "ಈಗೇನೋ ಪರ್ವಾಗಿಲ್ಲ. ಸಂಜೆ ನೋಡ್ಬೇಕು" ಎಂದಳು. ಹೊರಡುವ ಹೊತ್ತಿಗೆ ಆ ತಂದೆ ಅಂಗಳದಲ್ಲಿ ನನ್ನನ್ನು ಹಿಡಿದ.

"ಸಾ, ಸೋಮವಾರ ಸಂತೆ, ಹೋಟ್ಲು ತೆಗೀಲೇಬೇಕು. ಮಧ್ಯಾಹ್ನದ ರೈಲಿಗೆ ಹೋಗ್ಬೋದಾ? ಅಮ್ಮಾವ್ರನ್ನ ಕೇಳಕ್ಕೆ ಹೆದ್ರಿಕೆ."

ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ಬಿಳೀ ಕಟ್ಟು ಕಟ್ಟಿದ ಒಂದು ಮಗು ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದರೆ ಎಷ್ಟು ಕಳೆ! ನಾನು ಸನ್ಮಾನಪತ್ರ ಓದುತ್ತಾ ಆ ಮಗುವಿನ ಕಡೆ ಕೈ ತೋರಿಸಬಹುದು. "ವರ್ತಕರು ಕಾರು ಕಳಿಸ್ತಿದ್ದಾರೆ, ನಮ್ಮ ಜೊತೆ ಅದರಲ್ಲೇ ಬನ್ನಿ, ಸಭೆ ನೋಡಿ. ಅಲ್ಲಿಂದ ಸ್ಟೇಷನ್ನು ಹತ್ತಿರ" ಎಂದೆ. ಅತ್ತೆಗೆ, ಮಗುವಿಗೆ ಸಭೆ ನೋಡಬೇಕಂತೆ, ನಮ್ಮ ಜೊತೆಯೇ ವಾಪಸು ಬರುತ್ತಾರೆ ಎಂದು ಹೇಳಿದೆ.

ಛತ್ರ ತುಂಬಿತ್ತು. ಅತ್ತೆಯನ್ನು ವೇದಿಕೆಯ ಮೇಲೆ ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾನು ಓದಿದೆ. ಹೇಗೆ ಓದಿದೆ ಎಂದರೆ, ಮುಂದೆ ಕೂತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹುಡುಗಿಯ ಕಡೆ ಕೈ ತೋರಿಸಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಆ ಮಗು ಗಾಬರಿಯಾಗಿ ಅಮ್ಮನ ತೊಡೆಗೆ ಮುಖ ಹಚ್ಚಿತು.

ಭಾಷಣಗಳು ಮುಗಿಯುವ ಲಕ್ಷಣ ಕಾಣಲಿಲ್ಲ. ರೈಲಿನ ಹೊತ್ತಾಗಿ ಆ ಮೂವರೂ ಎದ್ದರು. ನಾನು ಬಾಗಿಲ ತನಕ ಹೋದೆ. ತಂದೆ ಕೇಳಿದ: "ಕಟ್ಟು ಬಿಚ್ಚೋದು ಗಿಚ್ಚೋದು ಏನಾದ್ರೂ ಐತಾ ಸಾ? ಒಮ್ಮೆ ಕಟ್ಟಿದ ಕಟ್ಟನ್ನು ಮೂಳೆ ಕೂಡುವ ತನಕ ಯಾರೂ ಬಿಚ್ಚಿದ್ದಿಲ್ಲ, ಬಿಚ್ಚುವ ಅಗತ್ಯವೂ ಬಿದ್ದಿಲ್ಲ ಅಂತ ಬರ್ದಿದ್ದೀರಲ್ಲ."

ನನ್ನ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದ. ಟೀ ಹೋಟೆಲಿನವನೊಬ್ಬ ನನ್ನ ಬರವಣಿಗೆಯನ್ನು ಬಾಯಿಪಾಠ ಮಾಡಿದ್ದಾನೆ! ಆ ಸಂತೋಷದಲ್ಲಿ ನನಗೆ ಬೇರೆ ಏನೂ ನೆನಪಾಗಲಿಲ್ಲ. ನೆನಪಾಗಲಿಲ್ಲ ಎಂದು ಬರೆದೆ, ಅದೂ ಪೂರ್ತಿ ನಿಜವಲ್ಲ. ಉಗುರಿನ ವಿಷಯ ಒಂದು ಕ್ಷಣ ನೆನಪಾಯಿತು. ಹೇಳಿದರೆ ನನ್ನ ವಾಕ್ಯ ಸುಳ್ಳಾಗುತ್ತಿತ್ತು.

"ಹೌದು, ಏನೂ ಬೇಡ. ಹುಳಿ, ಬದನೆಕಾಯಿ ಕೊಡಬೇಡಿ, ಅಷ್ಟೇ ಪಥ್ಯ" ಎಂದೆ.

ವೇದಿಕೆಯ ಮೇಲಿಂದ ಅತ್ತೆ ಅವರು ಹೋಗುವುದನ್ನು ನೋಡಿದಳು. ಶಾಲು ಹೊದ್ದುಕೊಂಡೇ ಎದ್ದು ನಿಂತಳು. ಯಾರೋ ಕೈ ಹಿಡಿದು ಕೂರಿಸಿದರು. ನಾನು ಹತ್ತಿರ ಹೋಗಿ ಕಿವಿಯಲ್ಲಿ, "ಇಲ್ಲೇ ಅರಸೀಕೆರೆಯಲ್ಲಿ ನೆಂಟರ ಮನೆ ಇದೆಯಂತೆ. ಬೆಳಿಗ್ಗೆ ಬಂದು ತೋರಿಸ್ತಾರೆ" ಎಂದೆ. ನಂಬಿದಳು. ನನ್ನನ್ನು ಅವಳು ಯಾವತ್ತೂ ನಂಬಿಯೇ ಇದ್ದಳು.

ನಾನು ಸೋಮವಾರ ಬೇಲೂರಿಗೆ ಹೋದೆ. ಅವರು ಬರುತ್ತಾರೆಂದು ಅತ್ತೆ ಬಾಗಿಲು ಕಾದಳಂತೆ, ಯಾವ ನೆಂಟರೋ ಎಲ್ಲಿಯ ಮನೆಯೋ ಅವಳಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಒಂದು ದಿನ, ಎರಡನೇ ಪೀರಿಯಡ್ಡಿನಲ್ಲಿ ಪಾಠ ಮಾಡುತ್ತಿದ್ದಾಗ, ಅತ್ತೆ ಶಾಲೆಯ ಜಗುಲಿಯ ಮೇಲೆ ನಿಂತಿದ್ದಳು. ಅಷ್ಟು ದೂರ ಒಬ್ಬಳೇ ಎಂದೂ ಬಸ್ಸು ಹತ್ತಿದವಳಲ್ಲ. ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು, ಒಳಗೆ ನನ್ನ ಲೇಖನ.

"ಓದು" ಎಂದಳು.

ನಾನು ನಿಂತುಕೊಂಡೇ ಓದಿದೆ. ಹುಡುಗರು ಕಿಟಕಿಯಿಂದ ನೋಡುತ್ತಿದ್ದರು. ಆ ವಾಕ್ಯ ಬರುವ ಮೊದಲೇ ನನ್ನ ದನಿ ಇಳಿದಿತ್ತು. ಓದಿದ ಮೇಲೆ, "ಇನ್ನೊಂದ್ ಸಲ ಓದು" ಎಂದಳು. ಓದಿದೆ.

"ಇದನ್ನ ನಾನು ಯಾವತ್ತು ಹೇಳಿದ್ದೆ?"

"ಅದು ಬರವಣಿಗೆ ಅತ್ತೆ. ಹಂಗೆ ಬರೀತಾರೆ."

ಆಗ ಹೇಳಿದಳು. ಹುಡುಗಿಯ ಚಿಕ್ಕಪ್ಪ ಆ ಕವರು ಹಿಡಿದುಕೊಂಡು ಬಂದಿದ್ದ. ಊರಿಗೆ ಹೋದ ರಾತ್ರಿಯೇ ಕೈ ಬಾತುಕೊಂಡಿತ್ತು. ಮಗು ಬಿಚ್ಚಿ ಬಿಚ್ಚಿ ಎಂದು ಎರಡು ದಿನ ಅತ್ತಿತು. ಪಕ್ಕದ ಮನೆಯವರು ಬಿಚ್ಚೋಣ ಎಂದರೆ ತಂದೆ ಈ ಕಾಗದ ತೆಗೆದು ಓದಿ ತೋರಿಸಿದನಂತೆ. ಮೂರನೆಯ ದಿನ ಮಗು ಅಳುವುದನ್ನು ನಿಲ್ಲಿಸಿತು, ನೋವು ಹೋಯಿತು ಎಂದು ಮನೆಯವರು ಸಮಾಧಾನಪಟ್ಟರು. ಬೆರಳು ಕಪ್ಪಾಗಿದ್ದವು. ಆಸ್ಪತ್ರೆಯಲ್ಲಿ ಮೊಣಕೈಯ ಕೆಳಗೆ ಕತ್ತರಿಸಿದರು.

ಚಿಕ್ಕಪ್ಪ ಜಗಳಕ್ಕೆ ಬಂದಿರಲಿಲ್ಲ. ನಮ್ಮಿಂದ ಏನು ತಪ್ಪಾಯಿತು ತಾಯಿ ಎಂದು ಕೇಳಲು ಬಂದಿದ್ದ. ನಾನು ಅಳಲು ಶುರು ಮಾಡಿದೆ. ಅತ್ತೆ ಅಳಲಿಲ್ಲ.

"ನೀನೇ ಹೋಗು. ಕಾಗದ ಗೀಗದ ಬರೀಬೇಡ, ಬಾಯಲ್ಲಿ ಹೇಳು. ಬಿಚ್ಬೇಕಾಗಿತ್ತು, ನಮ್ಮತ್ತೆ ಯಾರನ್ನೂ ಎರಡು ದಿನ ಬಿಡಕ್ಕಿಲ್ಲ, ಸುಳ್ಳು ಹೇಳಿ ಕಳ್ಸಿದ್ದು ನಾನು ಅಂತ ಹೇಳು. ತಮ್ಮಿಂದ ಆಯ್ತು ಅಂದ್ಕೊಂಡವ್ರೆ ಅವರು. ಅದೊಂದು ಭಾರಾನಾದ್ರೂ ಇಳಿಸು. ನಾನೇ ಹೋಗ್ತಿದ್ದೆ, ಮನೇಲಿ ನಾಲ್ಕು ಜನ ಮಲಗವ್ರೆ, ಸಂಜೆಗೆ ಉಗುರು ನೋಡ್ಬೇಕು."

ಮುಂದಿನ ಬಸ್ಸಿಗೇ ಹೊರಟುಬಿಟ್ಟಳು. ಒಂದು ಲೋಟ ನೀರೂ ಕುಡಿಯಲಿಲ್ಲ.

ನಾನು ಹೋದೆ. ಭಾನುವಾರ ಅರಸೀಕೆರೆಯಲ್ಲಿ ರೈಲು ಹತ್ತಿ, ಬೀರೂರಿನಲ್ಲಿ ಇಳಿದು, ಬಸ್ಸು ಹಿಡಿದು, ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಹೋದೆ. ಹೋಟೆಲಿನ ಹಿಂದೆಯೇ ಮನೆ. ತಂದೆ ನನ್ನನ್ನು ಕಂಡು ಓಡಿಬಂದ. "ಅಯ್ಯೋ, ನೀವೇ ಬಂದ್ರಾ ಸಾ" ಎಂದು ಬೆಂಚು ಒರೆಸಿ ಕೂರಿಸಿದ. ಅಕ್ಕಪಕ್ಕದವರನ್ನು ಕರೆದು, ಪೇಪರಿನಲ್ಲಿ ಬರೆಯುವವರು ಇವರೇ ಎಂದು ಹೇಳಿದ. ಹತ್ತು ಜನ ಸೇರಿದರು. ಹುಡುಗಿ ಒಳಗೆ ಹೊಸ್ತಿಲ ಹತ್ತಿರ ಕೂತು ಎಡಗೈಯಲ್ಲಿ ಮಂಡಕ್ಕಿ ತಿನ್ನುತ್ತಿತ್ತು. ಬಲಗೈಯ ಮೇಲೆ ಟವೆಲು ಹೊದೆಸಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ಅಮ್ಮಾವ್ರ ಕೈಗುಣದಲ್ಲಿ ಏನೂ ತಪ್ಪಿಲ್ಲ ಸಾ. ತಪ್ಪೆಲ್ಲ ಇವಳದ್ದು. ಬಂದ ದಿನ ರಾತ್ರಿ ಮಗು ಹಟ ಮಾಡ್ತು ಅಂತ ಹುಣಸೇಹಣ್ಣಿನ ಗೊಜ್ಜು ಕೊಟ್ಬುಟ್ಟವ್ಳೆ. ಹುಳಿ ಕೊಡಬೇಡಿ ಅಂತ ನೀವು ಬಾಯ್ಬಿಟ್ಟು ಹೇಳಿದ್ರಿ. ನಾನೂ ಹೇಳಿದ್ದೆ."

ಆ ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಬಾತುಕೊಂಡಿದ್ದವು. "ಒಂದೇ ಒಂದು ಬೆರಳಲ್ಲಿ ನೆಕ್ಕಿಸಿದ್ದು ಸಾ" ಎಂದಳು, ನನ್ನನ್ನು ನ್ಯಾಯಾಧೀಶ ಅಂದುಕೊಂಡು ಕೇಳುವ ಹಾಗೆ. "ಅಷ್ಟಕ್ಕೇ ಹಿಂಗಾಯ್ತದಾ ಸಾ?"

ಹತ್ತು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಇಲ್ಲಮ್ಮ, ಹುಳಿಗೂ ಇದಕ್ಕೂ ಸಂಬಂಧವೇ ಇಲ್ಲ, ಕೈ ಕಳೆದದ್ದು ನಾನು. ಅಷ್ಟೇ ಹೇಳಬೇಕಾಗಿದ್ದದ್ದು. ಎಲ್ಲಾ ಮಾತೂ ನಾಲಿಗೆಯ ಮೇಲಿತ್ತು. ಆದರೆ ಆ ಹತ್ತು ಮುಖಗಳಲ್ಲೂ ಗೌರವ ಇತ್ತು, ಅದನ್ನು ಇಳಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಅವರು ಹೊಡೆಯುತ್ತಾರೆ ಎಂಬ ಹೆದರಿಕೆಯಲ್ಲ. ಅವರು ನನ್ನನ್ನು ಬೇರೆ ಥರ ನೋಡುತ್ತಾರೆ ಎಂಬ ಹೆದರಿಕೆ.

"ಏನು ಮಾಡೋದಮ್ಮ, ಹಣೇಲಿ ಬರೆದಿದ್ದು" ಎಂದೆ.

ಅವಳು ತಲೆ ತಗ್ಗಿಸಿದಳು. ತಪ್ಪು ಅವಳದೇ ಎಂದು ನಾನೂ ಒಪ್ಪಿದ ಹಾಗಾಯಿತು. ಅವಳೇ ಕಾಫಿ ತಂದುಕೊಟ್ಟಳು. ಕುಡಿದೆ.

ಹಾರನಹಳ್ಳಿಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಹೇಳಿದೆಯಾ ಎಂದು ಕೇಳಿದಳು. ಹೇಳಿದೆ ಎಂದೆ. ಏನಂದರು ಎಂದು ಕೇಳಿದಳು. ಆಗ ನಾನು ಹೇಳತೊಡಗಿದೆ. ತಂದೆಗೆ ಮೊದಲು ಸಿಟ್ಟು ಬಂತು, ನನ್ನ ಕತ್ತಿನ ಪಟ್ಟಿ ಹಿಡಿದ, ಆಮೇಲೆ ಗೋಡೆಗೆ ಒರಗಿ ಕೂತು ಅತ್ತ. ತಾಯಿ ಒಳಗಿನಿಂದ ಬಂದು ಗಂಡನ ಪಕ್ಕ ಕೂತಳು. ಕೊನೆಗೆ ಅವಳೇ, ಹೇಳಿದ್ದು ಒಳ್ಳೇದಾಯ್ತು, ನಿಮ್ಮತ್ತೆಗೆ ನೊಂದ್ಕೋಬೇಡಿ ಅಂತ ಹೇಳಿ ಎಂದಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ನನಗೆ ಗೊತ್ತಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಏನನ್ನೂ ಬರೆದಿಲ್ಲ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆ ವಿಷಯ ಕೇಳಿದ ಮೇಲೆ ಅವಳು ಅತ್ತದ್ದು ಅದೇ ಮೊದಲು. "ಆ ತಾಯಿ ಮನಸ್ಸು ಹಗುರಾಯ್ತಲ್ಲ, ಸಾಕು" ಎಂದಳು. ಒಳಗೆ ಹೋಗಿ ನನಗೆ ತಟ್ಟೆ ಹಾಕಿದಳು.

ಪಡಸಾಲೆಯಲ್ಲಿ ಇದ್ದ ಆ ನಾಲ್ಕು ಜನ ತಮ್ಮ ಎರಡು ರಾತ್ರಿ ಕಳೆದು ಊರಿಗೆ ಹೋದ ಮೇಲೆ ಅತ್ತೆ ಯಾರಿಗೂ ಕಟ್ಟು ಕಟ್ಟಲಿಲ್ಲ. ಬಂದವರಿಗೆಲ್ಲ ಆಸ್ಪತ್ರೆಗೆ ಹೋಗಿ ಎಂದಳು. ಒಂದೂವರೆ ವರ್ಷ ಜನ ಬರುತ್ತಲೇ ಇದ್ದರು, ಲೇಖನದ ಸದ್ದು ಅಷ್ಟು ಬೇಗ ಅಡಗಲಿಲ್ಲ. ನೋವಿನಲ್ಲಿ ಬಂದವರು ಬೈದುಕೊಂಡು ವಾಪಸು ಹೋದರು. ಶಾಲು ಹೊದಿಸಿದ ಮೇಲೆ ಮುದುಕಿಗೆ ಸೊಕ್ಕು ಬಂದಿದೆ ಎಂದು ಊರಲ್ಲೇ ಮಾತಾಯಿತು. ಸೊಪ್ಪು ಯಾವುದು, ಎಲ್ಲಿ ಒತ್ತಬೇಕು ಎಂದು ನನ್ನ ಅತ್ತಿಗೆ ಕಲಿಯತೊಡಗಿದ್ದಳು, ಅವಳಿಗೂ ಬೇಡ ಎಂದುಬಿಟ್ಟಳು. ಎಂಬತ್ತರ ದಶಕದ ನಡುವೆ ಅತ್ತೆ ತೀರಿಕೊಂಡಳು. ನಮ್ಮಜ್ಜಿಯಿಂದ ಬಂದ ವಿದ್ಯೆ ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಎಷ್ಟೋ ಸಲ ಬೀರೂರಿನ ರೈಲು ಹತ್ತಬಹುದಾಗಿತ್ತು. ಹತ್ತಲಿಲ್ಲ.

ಆ ಹುಡುಗಿಗೆ ಈಗ ಮಕ್ಕಳಿರಬಹುದು, ಇಲ್ಲದೆಯೂ ಇರಬಹುದು, ನನಗೆ ಗೊತ್ತಿಲ್ಲ. ತಾಯಿ ಬದುಕಿದ್ದರೆ ಈಗಲೂ ಆ ಒಂದು ಬೆರಳು ಹುಣಸೇಹಣ್ಣಿನ ಗೊಜ್ಜನ್ನು ನೆನೆಸಿಕೊಂಡು ಅಳುತ್ತಿರುತ್ತಾಳೆ. ಅವಳಿಗೆ ಹೇಳಬೇಕಾದದ್ದನ್ನು ಇಷ್ಟು ವರ್ಷದ ಮೇಲೆ ಇಲ್ಲಿ ಬರೆದಿದ್ದೇನೆ. ಅವಳಿಗೆ ಓದು ಬರುವುದಿಲ್ಲ ಎಂದು ನನಗೆ ಗೊತ್ತಿದೆ.